ಡಿಜಿಟಲ್ ದಾಖಲೆಗಳ ವಿವರಣೆಯೂ ಶೋಧನೆಯೂ

1

ಚರಿತ್ರೆಯ ಅಭ್ಯಾಸಿಗಳಿಗೆ ಆಕರಗಳ ಅಭಾವವೇ ಒಂದು ಕಾಲದಲ್ಲಿ ಬಹು ದೊಡ್ಡ ಕೊರತೆಯಾಗಿದ್ದಿತು. ಶಾಸನವನ್ನು ಕಣ್ಣಾರೆ ಕಾಣಬೇಕಾದವರು ಅದು ನಿಂತಿರುವ ಊರಿಗೇ ಹೋಗಬೇಕಾಗುತ್ತಿತ್ತು. ಓಲೆಗರಿಯ ಪ್ರತಿಯನ್ನು ನೋಡಬೇಕಾದವರು ಮಠದ ಅಥವಾ ಮನೆತನದ ಅನುಮತಿಯನ್ನು ಬೇಡಬೇಕಾಗುತ್ತಿತ್ತು. ಈಗ ಪರಿಸ್ಥಿತಿಯು ಬಹುಮಟ್ಟಿಗೆ ಮಾರ್ಪಟ್ಟಿದೆ. ಹಳೆಯ ಗ್ರಂಥಗಳು, ಪತ್ರಿಕೆಗಳು, ಶಾಸನಗಳ ಪಡಿಯಚ್ಚುಗಳು, ಸರ್ಕಾರದ ಕಡತಗಳು, ಭೂಪಟಗಳು, ಇವೆಲ್ಲವೂ ಡಿಜಿಟಲ್ ಪ್ರತಿಗಳಾಗಿ ಕಾಲೇಜಿನ ವಿದ್ಯಾರ್ಥಿಯ ಕೈಗೂ ಎಟಕುವಂತಾಗಿವೆ. ಭಾರತದ ರಾಷ್ಟ್ರೀಯ ಅಭಿಲೇಖಾಗಾರವು 2015ರಲ್ಲಿ ‘ಅಭಿಲೇಖ ಪಟಲ’ವೆಂಬ ಜಾಲತಾಣವನ್ನು ತೆರೆಯಿತು. ಖರಗಪುರದ ಐ.ಐ.ಟಿ.ಯು ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ನಮ್ಮ ಕಾಲೇಜುಗಳಲ್ಲಿಯೂ ಸ್ಥಳೀಯ ಕಾಗದಪತ್ರಗಳನ್ನು ಸ್ಕ್ಯಾನು ಮಾಡಿಡುವ ಕಾರ್ಯ ಅಲ್ಲಲ್ಲಿ ನಡೆದಿದೆ.

ಆದರೆ ಪ್ರತಿಯು ದೊರೆತ ಮಾತ್ರಕ್ಕೆ ದಾಖಲೆ ದೊರೆತಂತಾಗುವುದಿಲ್ಲ. ‘ಸ್ಕ್ಯಾನ್ 0047’ ಎಂಬ ಹೆಸರಿನ ಫೈಲೊಂದನ್ನು ತೆಗೆದುಕೊಳ್ಳೋಣ. ಅದರೊಳಗೆ ಒಂದು ದಾನಪತ್ರದ ಸೊಗಸಾದ ಚಿತ್ರವಿರಬಹುದು. ಅದು ಯಾವ ಊರಿನದು, ಯಾವ ಕಾಲದ್ದು, ಯಾರ ಬಳಿ ಇದ್ದುದು, ಯಾರು ಯಾವಾಗ ಪ್ರತಿ ತೆಗೆದರು ಎಂಬುದು ತಿಳಿಯದಿದ್ದರೆ, ಆ ಚಿತ್ರವು ಇದ್ದೂ ಇಲ್ಲದಂತೆ. ಹುಡುಕುವವನಿಗೆ ಅದು ಸಿಕ್ಕುವುದಿಲ್ಲ. ಅಕಸ್ಮಾತ್ತಾಗಿ ಸಿಕ್ಕಿದರೂ ಅದನ್ನು ಪ್ರಮಾಣವೆಂದು ಮುಂದಿಡಲು ಬರುವುದಿಲ್ಲ. ಪ್ರತಿಯೊಡನೆ ಇರಬೇಕಾದ ಈ ತಿಳಿವಳಿಕೆಗೆ ಗ್ರಂಥಾಲಯ ಶಾಸ್ತ್ರದಲ್ಲಿ ಮೆಟಾಡೇಟಾ ಎಂದು ಹೆಸರು. ದಾಖಲೆಯನ್ನು ಕುರಿತ ವಿವರಣೆ ಎಂದು ಅದರ ಅರ್ಥವನ್ನು ಸುಲಭವಾಗಿ ಹೇಳಬಹುದು. ಈ ವಿವರಣೆಯು ಗುಮಾಸ್ತೆಯ ಕೆಲಸವಲ್ಲ, ಚರಿತ್ರಕಾರನ ವಿವೇಚನೆಗೆ ಸೇರಿದ ಕೆಲಸ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

2

ಹೆಸರು ಹೊಸದಾದರೂ ವಿಷಯ ಹೊಸದಲ್ಲ. ಓಲೆಗರಿಯ ಗ್ರಂಥಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಪ್ರತಿಯನ್ನು ಮುಗಿಸಿದ ಶಕವರ್ಷ, ಸಂವತ್ಸರ, ಮಾಸ, ತಿಥಿ, ಯಾರಿಗಾಗಿ ಬರೆದುದು ಎಂಬಿವನ್ನು ಹೇಳುವುದು ಅನೇಕ ಪ್ರತಿಗಳಲ್ಲಿ ಕಂಡುಬರುತ್ತದೆ. ಆ ನಾಲ್ಕು ಪಂಕ್ತಿಗಳು ಗ್ರಂಥದ ಭಾಗವಲ್ಲ, ಗ್ರಂಥವನ್ನು ಕುರಿತವು. ಗ್ರಂಥಸಂಪಾದನೆ ಮಾಡುವವರು ಮೊದಲು ಅವನ್ನೇ ಅರಸುತ್ತಾರೆಂಬುದನ್ನು ನೆನೆದರೆ ಅವುಗಳ ಬೆಲೆ ಎಷ್ಟೆಂಬುದು ವಿದಿತವಾಗುತ್ತದೆ.

ಅಚ್ಚಿನ ಯುಗದಲ್ಲಿ ಇದಕ್ಕೆ ನಮ್ಮ ನಾಡಿನ ಅತ್ಯುತ್ತಮ ನಿದರ್ಶನವೆಂದರೆ ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’. 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ 8,869 ಶಾಸನಗಳು ಪ್ರಕಟವಾದುವು. ಇಷ್ಟು ದೊಡ್ಡ ರಾಶಿಯು ಉಪಯುಕ್ತವಾದುದು ಕೇವಲ ಪಾಠಗಳ ಬಲದಿಂದಲ್ಲ. ಜಿಲ್ಲಾ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದಕ್ಕೂ ತಾಲ್ಲೂಕಿನ ಹೆಸರಿನೊಡನೆ ಒಂದು ಸಂಖ್ಯೆಯನ್ನು ಕೊಟ್ಟುದರಿಂದ, ‘ಶಿಕಾರಿಪುರ 176’ ಎಂದರೆ ತಾಳಗುಂದದ ಕದಂಬ ಸ್ತಂಭಶಾಸನವೆಂದು ವಿದ್ವಾಂಸರೆಲ್ಲರೂ ತಿಳಿಯುವಂತಾಯಿತು. ಸಂಖ್ಯೆಯೇ ದಾಖಲೆಯ ವಿಳಾಸವಾಯಿತು.

ವಿಳಾಸವು ಬದಲಾದರೆ ಆಗುವ ತೊಡಕಿಗೂ ಅದೇ ಗ್ರಂಥಮಾಲೆಯಲ್ಲಿ ಉದಾಹರಣೆ ಉಂಟು. ಶ್ರವಣಬೆಳಗೊಳದ ಸಂಪುಟವು 1889ರಲ್ಲಿ 144 ಶಾಸನಗಳನ್ನು ಒಳಗೊಂಡಿತ್ತು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಶಾಸನಗಳ ಸಂಖ್ಯೆ 500ಕ್ಕೆ ಏರಿತು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಆವೃತ್ತಿಯಲ್ಲಿ 573 ಆಯಿತು. ಚಿಕ್ಕಬೆಟ್ಟದ ಪ್ರಸಿದ್ಧವಾದ ಮಲ್ಲಿಷೇಣ ಪ್ರಶಸ್ತಿಯು ಮೊದಲನೆಯ ಆವೃತ್ತಿಯಲ್ಲಿ 54ನೆಯದು, ಎರಡನೆಯದರಲ್ಲಿ 67ನೆಯದು. ಹಳೆಯ ಲೇಖನದಲ್ಲಿ ‘ಶ್ರವಣಬೆಳಗೊಳ 54’ ಎಂಬ ಉಲ್ಲೇಖವನ್ನು ಕಂಡು, ಆವೃತ್ತಿಯನ್ನು ಗಮನಿಸದೆ ಹೊಸ ಸಂಪುಟವನ್ನು ತೆರೆದವನು ಬೇರೊಂದು ಶಾಸನವನ್ನೇ ಓದುವನು. ಆದುದರಿಂದ ಸಂಖ್ಯೆಯೊಡನೆ ಆವೃತ್ತಿಯ ವರ್ಷವನ್ನೂ ಹೇಳಬೇಕು. ಸಾಧ್ಯವಿದ್ದಲ್ಲಿ ಹಿಂದಿನ ಸಂಖ್ಯೆಗಳನ್ನೂ ಒಟ್ಟಿಗೆ ಕೊಡಬೇಕು. ಡಿಜಿಟಲ್ ಸಂಗ್ರಹಗಳಿಗೆ ಈ ಎಚ್ಚರಿಕೆಯು ಮತ್ತೂ ಹೆಚ್ಚಾಗಿ ಅನ್ವಯಿಸುತ್ತದೆ. ಅಲ್ಲಿ ಜಾಲತಾಣದ ವಿಳಾಸವು ಬದಲಾಗುವುದು ಆವೃತ್ತಿ ಬದಲಾಗುವುದಕ್ಕಿಂತ ಸುಲಭ.

3

ಇಂದಿನ ಗ್ರಂಥಾಲಯ ಶಾಸ್ತ್ರಜ್ಞರು ಮೆಟಾಡೇಟಾವನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಭಾಗಿಸುತ್ತಾರೆ. ಮೊದಲನೆಯದು ವರ್ಣನಾತ್ಮಕವಾದುದು: ಶೀರ್ಷಿಕೆ, ಕರ್ತೃ, ವಿಷಯ, ಕಾಲ ಮೊದಲಾದುವು. ಹುಡುಕುವುದಕ್ಕೆ ನೆರವಾಗುವುದು ಇದು. ಎರಡನೆಯದು ರಚನಾತ್ಮಕವಾದುದು: ಒಂದು ಕಡತದ ಇನ್ನೂರು ಪುಟಗಳು ಇನ್ನೂರು ಬಿಡಿ ಚಿತ್ರಗಳಾಗಿದ್ದರೆ, ಯಾವುದರ ಹಿಂದೆ ಯಾವುದು ಬರತಕ್ಕದ್ದೆಂಬುದನ್ನು ಇದು ತಿಳಿಸುತ್ತದೆ. ಮೂರನೆಯದು ಆಡಳಿತಕ್ಕೆ ಸಂಬಂಧಿಸಿದುದು: ಪ್ರತಿಯನ್ನು ಯಾರು, ಎಂದು, ಯಾವ ಯಂತ್ರದಿಂದ ತೆಗೆದರು, ಅದನ್ನು ಪ್ರಕಟಿಸುವ ಹಕ್ಕು ಯಾರದು ಎಂಬ ವಿಷಯಗಳು.

ವಿವರಣೆಯನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆದರೆ ಸಂಗ್ರಹಗಳನ್ನು ಒಂದಕ್ಕೊಂದು ಜೋಡಿಸಿ ಹುಡುಕುವುದು ಅಸಾಧ್ಯವಾಗುತ್ತದೆ. ಈ ಕಾರಣದಿಂದ 1995ರ ಮಾರ್ಚಿಯಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಡಬ್ಲಿನ್ ಪಟ್ಟಣದಲ್ಲಿ ಗ್ರಂಥಪಾಲಕರೂ ಗಣಕ ತಜ್ಞರೂ ಸಭೆ ಸೇರಿದರು. ಅಲ್ಲಿ ಆರಂಭವಾದ ಕಾರ್ಯದ ಫಲವೇ ‘ಡಬ್ಲಿನ್ ಕೋರ್’ ಎಂಬ ಕ್ರಮ. ಇದರಲ್ಲಿ ಹದಿನೈದು ಅಂಶಗಳಿವೆ: ಶೀರ್ಷಿಕೆ, ಕರ್ತೃ, ವಿಷಯ, ವರ್ಣನೆ, ಪ್ರಕಾಶಕ, ಸಹಾಯಕ ಕರ್ತೃ, ದಿನಾಂಕ, ಪ್ರಕಾರ, ಸ್ವರೂಪ, ಗುರುತು, ಮೂಲ, ಭಾಷೆ, ಸಂಬಂಧ, ವ್ಯಾಪ್ತಿ, ಹಕ್ಕು. ವ್ಯಾಪ್ತಿಯೆಂದರೆ ದಾಖಲೆಯ ವಿಷಯಕ್ಕೆ ಸಂಬಂಧಿಸಿದ ದೇಶಕಾಲಗಳು. 2003ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು.

ಈ ಸಂದರ್ಭದಲ್ಲಿ ಎಸ್. ಆರ್. ರಂಗನಾಥನ್ ಅವರನ್ನು ಸ್ಮರಿಸುವುದು ಉಚಿತ. ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಗ್ರಂಥವೊಂದನ್ನು ಒಂದೇ ಗೂಡಿನಲ್ಲಿ ಕೂಡಿಹಾಕದೆ, ಅದರ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ ನೋಡುವ ಮಾರ್ಗವನ್ನು ತೋರಿಸಿತು. ದೇಶ ಮತ್ತು ಕಾಲಗಳು ಆ ಮುಖಗಳಲ್ಲಿ ಸೇರಿವೆ. ಡಿಜಿಟಲ್ ಗ್ರಂಥಾಲಯಗಳಲ್ಲಿ ಇಂದು ನಾವು ಭಾಷೆ, ಕಾಲ, ಸ್ಥಳ, ವಿಷಯ ಎಂದು ಒಂದೊಂದನ್ನೇ ಆರಿಸುತ್ತ ಪಟ್ಟಿಯನ್ನು ಕಿರಿದು ಮಾಡಿಕೊಳ್ಳುವಾಗ ಅನುಸರಿಸುವುದು ಈ ತತ್ತ್ವವನ್ನೇ. ಅವರ ನೇತೃತ್ವದಲ್ಲಿ 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವು ನಮ್ಮ ನಾಡಿಗೆ ಈ ಶಾಸ್ತ್ರದೊಡನೆ ಇರುವ ನಿಕಟ ಸಂಬಂಧಕ್ಕೆ ಸಾಕ್ಷಿ.

4

ತತ್ತ್ವವನ್ನು ಒಂದು ಉದಾಹರಣೆಯಿಂದ ಪರೀಕ್ಷಿಸೋಣ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಶಾಸನದ ಡಿಜಿಟಲ್ ಚಿತ್ರವೊಂದು ನಮ್ಮ ಮುಂದಿದೆ ಎಂದು ಭಾವಿಸೋಣ. ಇದರ ದಿನಾಂಕವೇನು? ಶಾಸನದ ಕಾಲವನ್ನು ಸಾಮಾನ್ಯವಾಗಿ ಕ್ರಿ. ಶ. ಸು. 450 ಎಂದು ಹೇಳುತ್ತಾರೆ. ಪಡಿಯಚ್ಚು ತೆಗೆದ ಕಾಲ ಇಪ್ಪತ್ತನೆಯ ಶತಮಾನದ್ದು. ಚಿತ್ರದ ಫೈಲು ಸಿದ್ಧವಾದುದು ಇತ್ತೀಚೆಗೆ. ಈ ಮೂರರಲ್ಲಿ ಯಾವುದನ್ನು ಬರೆಯಬೇಕು?

ಉತ್ತರವು ಸರಳ, ಆದರೆ ಆಚರಣೆಯಲ್ಲಿ ಬಹಳವಾಗಿ ಉಪೇಕ್ಷಿತವಾಗಿರುವುದು. ಕಲ್ಲು, ಪಡಿಯಚ್ಚು, ಅಚ್ಚಾದ ಪಾಠ, ಡಿಜಿಟಲ್ ಚಿತ್ರ ಇವು ನಾಲ್ಕು ಬೇರೆ ಬೇರೆ ವಸ್ತುಗಳು. ಒಂದೊಂದಕ್ಕೂ ಒಂದೊಂದು ವಿವರಣೆ ಇರಬೇಕು. ‘ಮೂಲ’ ಮತ್ತು ‘ಸಂಬಂಧ’ ಎಂಬ ಅಂಶಗಳಲ್ಲಿ ಒಂದನ್ನು ಇನ್ನೊಂದಕ್ಕೆ ಕಟ್ಟಬೇಕು. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ, ಐದನೆಯ ಶತಮಾನದ ಶಾಸನವು ಗಣಕದ ಪಾಲಿಗೆ ಇಪ್ಪತ್ತೊಂದನೆಯ ಶತಮಾನದ ದಾಖಲೆಯಾಗಿಬಿಡುತ್ತದೆ.

ಕಾಲದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. 450 ಎಂಬುದು ಲಿಪಿ, ಭಾಷೆ, ಉಕ್ತವಾದ ವ್ಯಕ್ತಿಗಳು ಇವುಗಳ ಆಧಾರದಿಂದ ವಿದ್ವಾಂಸರು ಮಾಡಿದ ಊಹೆ. ಆದುದರಿಂದ ‘ಸುಮಾರು’ ಎಂಬ ಒಂದು ಮಾತನ್ನು ಬಿಟ್ಟು 450 ಎಂದಷ್ಟೇ ಬರೆದರೆ ಊಹೆಯು ಪ್ರಮಾಣವಾಗಿ ಮಾರ್ಪಡುತ್ತದೆ. ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತ ಹೋದಂತೆ ಅದನ್ನು ತಿದ್ದುವುದು ದುಸ್ತರ. ಅಂತೆಯೇ ಸ್ಥಳವೂ ಎರಡು: ಶಾಸನ ದೊರೆತುದು ಹಲ್ಮಿಡಿಯಲ್ಲಿ, ಮೂಲಶಿಲೆಯು ಇರುವುದು ಮೈಸೂರಿನಲ್ಲಿ. ಇವೆರಡಕ್ಕೂ ಪ್ರತ್ಯೇಕ ಜಾಗ ಬೇಕು.

5

ಕನ್ನಡದ ಆಕರಗಳನ್ನು ವಿವರಿಸುವವರು ವಿಶೇಷವಾಗಿ ಗಮನಿಸತಕ್ಕ ನಾಲ್ಕು ಸಂಗತಿಗಳನ್ನು ಇಲ್ಲಿ ಸೂಚಿಸಬಹುದು.

ಮೊದಲನೆಯದು ವ್ಯಕ್ತಿನಾಮ. ಕುವೆಂಪು ಎಂದು ಹುಡುಕಿದವನಿಗೆ ಕೆ. ವಿ. ಪುಟ್ಟಪ್ಪ ಎಂಬ ಹೆಸರಿನಲ್ಲಿ ದಾಖಲಾದ ಗ್ರಂಥಗಳೂ ದೊರೆಯಬೇಕು. ಶ್ರೀನಿವಾಸ ಎಂಬ ಕಾವ್ಯನಾಮದ ಕಥೆಗಳು ಮಾಸ್ತಿಯವರನ್ನು ಅರಸುವವನಿಗೆ ತಪ್ಪಬಾರದು. ಇದಕ್ಕಾಗಿ ಒಂದು ಹೆಸರನ್ನು ಪ್ರಧಾನವೆಂದು ಸ್ವೀಕರಿಸಿ, ಉಳಿದ ರೂಪಗಳನ್ನೆಲ್ಲ ಅದಕ್ಕೆ ಜೋಡಿಸಿದ ನಾಮಾವಳಿಯನ್ನು ಸಿದ್ಧಪಡಿಸುವುದು ಗ್ರಂಥಾಲಯಗಳ ಸಂಪ್ರದಾಯ.

ಎರಡನೆಯದು ಸ್ಥಳನಾಮ. ಊರು ಇದ್ದಲ್ಲೇ ಇದ್ದರೂ ಅದರ ಹೆಸರೂ ಜಿಲ್ಲೆಯೂ ಬದಲಾಗುತ್ತವೆ. ರೈಸರು ಚಿತ್ರದುರ್ಗ ಸಂಪುಟದಲ್ಲಿ ಪ್ರಕಟಿಸಿದ ದಾವಣಗೆರೆ ತಾಲ್ಲೂಕಿನ ಶಾಸನಗಳು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿದುವು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪೆಯು 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಅಧಿಕೃತ ಹೆಸರುಗಳು ಬದಲಾದುವು. ಗುಲ್ಬರ್ಗವು ಕಲಬುರಗಿಯಾಯಿತು, ಬಿಜಾಪುರವು ವಿಜಯಪುರವಾಯಿತು. ಮೂಲದಲ್ಲಿರುವ ಹೆಸರನ್ನು ಅಳಿಸದೆ, ಇಂದಿನ ಹೆಸರನ್ನು ಅದರ ಪಕ್ಕದಲ್ಲಿ ಕೊಡುವುದೇ ಸರಿಯಾದ ಮಾರ್ಗ. ಸಾಧ್ಯವಾದಲ್ಲಿ ಅಕ್ಷಾಂಶ ರೇಖಾಂಶಗಳನ್ನು ಸೇರಿಸಿದರೆ, ಗಡಿಗಳು ಎಷ್ಟು ಸಲ ಬದಲಾದರೂ ಊರು ತಪ್ಪಿಹೋಗದು.

ಮೂರನೆಯದು ತೇದಿ. ಮಲ್ಲಿಷೇಣ ಪ್ರಶಸ್ತಿಯ ಕಾಲ ಶಕ 1050ರ ಫಾಲ್ಗುಣ. ಶಕವರ್ಷಕ್ಕೆ 78ನ್ನು ಕೂಡಿಸಿದರೆ 1128 ಬರುತ್ತದೆ. ಆದರೆ ಫಾಲ್ಗುಣವು ವರ್ಷದ ಕೊನೆಯ ಮಾಸವಾದುದರಿಂದ ಅದು ಬೀಳುವುದು 1129ರಲ್ಲಿ. ಆದಕಾರಣ ಶಾಸನೋಕ್ತವಾದ ತೇದಿಯನ್ನು ಇದ್ದಂತೆಯೇ ಒಂದು ಕಡೆ ಬರೆದು, ಗಣನೆಯಿಂದ ಬಂದ ಕ್ರಿಸ್ತಶಕ ವರ್ಷವನ್ನು ಇನ್ನೊಂದು ಕಡೆ ಬರೆಯಬೇಕು. ಆಧುನಿಕ ದಾಖಲೆಗಳಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮವೇ ಶ್ರೇಷ್ಠ: ಮೈಸೂರು ರಾಜ್ಯದ ಪುನರ್ವಿಂಗಡಣೆಯ ದಿನವನ್ನು 1956-11-01 ಎಂದು ಬರೆದರೆ, ಗಣಕವು ಅದನ್ನು ಕಾಲಾನುಕ್ರಮದಲ್ಲಿ ತಾನೇ ಜೋಡಿಸಿಕೊಳ್ಳುತ್ತದೆ, ದಿನ ಯಾವುದು ತಿಂಗಳು ಯಾವುದೆಂಬ ಸಂದೇಹವೂ ಉಳಿಯದು.

ನಾಲ್ಕನೆಯದು ಲಿಪಿ ಮತ್ತು ಕಾಗುಣಿತ. ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೂ ಬಹುಕಾಲ ಕನ್ನಡದ ಬೆರಳಚ್ಚು ನಡೆದುದು, ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ತೊಡಿಸಿದ ಫಾಂಟುಗಳಲ್ಲಿ. ಅಂಥ ಫಾಂಟಿನಲ್ಲಿ ಬರೆದ ಶೀರ್ಷಿಕೆಯು ಕಣ್ಣಿಗೆ ಕನ್ನಡವಾದರೂ ಗಣಕಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು; ಹುಡುಕಿದರೆ ಸಿಕ್ಕದು. ಯೂನಿಕೋಡಿನಲ್ಲಿ ಬರೆದಾಗಲೂ ಕಾಗುಣಿತದ ಭೇದಗಳು ಉಳಿಯುತ್ತವೆ. ಕರ್ಣಾಟಕ ಎಂದು ಬರೆದುದು ಕರ್ನಾಟಕ ಎಂದು ಹುಡುಕುವವನಿಗೆ ಕಾಣದೆ ಹೋಗಬಹುದು. ಶಾಸನಪಾಠದಲ್ಲಿ ‘ಕೆಱೆ’ ಎಂದಿರುವುದು, ‘ಕೆರೆ’ ಎಂದು ಹುಡುಕುವ ನೀರಾವರಿ ಚರಿತ್ರೆಯ ವಿದ್ಯಾರ್ಥಿಗೆ ಸಿಕ್ಕುವುದಿಲ್ಲ. ಪಾಠವನ್ನು ತಿದ್ದುವ ಅಧಿಕಾರ ನಮಗಿಲ್ಲ. ಆದರೆ ವಿವರಣೆಯಲ್ಲಿ ಇಂದಿನ ರೂಪವನ್ನು ಸೇರಿಸುವ ಸ್ವಾತಂತ್ರ್ಯವಿದೆ. ಭಾಷೆ ಬೇರೆ, ಲಿಪಿ ಬೇರೆ ಎಂಬುದನ್ನೂ ಮರೆಯಬಾರದು. ಕನ್ನಡ ಲಿಪಿಯಲ್ಲಿರುವ ಸಂಸ್ಕೃತ ಗ್ರಂಥವನ್ನು ಕನ್ನಡ ಗ್ರಂಥವೆಂದು ನಮೂದಿಸಿದರೆ ಎರಡು ಭಾಷೆಗಳ ಅಭ್ಯಾಸಿಗಳೂ ದಾರಿ ತಪ್ಪುವರು.

6

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಈಗ ಕನ್ನಡ ಮುದ್ರಣವನ್ನೂ ಓದಬಲ್ಲುವಷ್ಟೆ. ದಾಖಲೆಯ ಪ್ರತಿ ಪದವನ್ನೂ ಹುಡುಕಲು ಸಾಧ್ಯವಾದ ಮೇಲೆ ವಿವರಣೆಯ ಶ್ರಮವೇಕೆ? ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪದವು ಸಿಕ್ಕಿದ ಮಾತ್ರಕ್ಕೆ ವಿಷಯವು ಸಿಕ್ಕಿದಂತಾಗುವುದಿಲ್ಲ. ತುರುಗೋಳಿನಲ್ಲಿ ಮಡಿದವನ ವೀರಗಲ್ಲಿನಲ್ಲಿ ‘ಸಾಮಾಜಿಕ ಕಲಹ’ ಎಂಬ ಪದವಿರುವುದಿಲ್ಲ. ಕೆರೆಯ ದುರಸ್ತಿಗೆ ಭೂಮಿ ಬಿಟ್ಟ ಶಾಸನದಲ್ಲಿ ‘ನೀರಾವರಿ’ ಎಂಬ ಪದವಿರುವುದಿಲ್ಲ. ಮೂಲದ ಮಾತಿಗೂ ಇಂದಿನ ಪ್ರಶ್ನೆಗೂ ನಡುವೆ ಸೇತುವೆ ಕಟ್ಟುವುದು ವಿವರಣೆಯ ಕೆಲಸ. ಅದನ್ನು ಕಟ್ಟಬೇಕಾದರೆ ದಾಖಲೆಯನ್ನು ಓದಿ ಅರ್ಥಮಾಡಿಕೊಂಡಿರಬೇಕು.

ವಿವರಣೆಯು ಹೊಣೆಗಾರಿಕೆಯ ಕೆಲಸವಾಗುವುದು ಇಲ್ಲಿಯೇ. ವಿವರಿಸುವವನು ಮುಖ್ಯವೆಂದು ಬಗೆದುದು ಕಾಣುತ್ತದೆ, ಬಿಟ್ಟುದು ಮರೆಯಾಗುತ್ತದೆ. ಶಾಸನ ಸಂಪುಟಗಳ ಪೀಠಿಕೆಗಳು ಬಹುಮಟ್ಟಿಗೆ ರಾಜವಂಶಗಳ ಕ್ರಮವನ್ನು ಅನುಸರಿಸಿದುವು. ಆ ಕಾಲದ ಪ್ರಶ್ನೆಗಳಿಗೆ ಅದು ಸಹಜವೇ ಆಗಿತ್ತು. ಆದರೆ ಒಂದು ವೀರಗಲ್ಲನ್ನು ಕೇವಲ ‘ಹೊಯ್ಸಳ, ವೀರಬಲ್ಲಾಳ’ ಎಂದು ನಮೂದಿಸಿದರೆ, ಕಾದಿ ಮಡಿದ ಗೌಡನ ಮಗನೂ, ಕಲ್ಲನ್ನು ನಿಲ್ಲಿಸಿದ ಅವನ ಹೆಂಡತಿಯೂ, ಅದನ್ನು ಕಂಡರಿಸಿದ ಶಿಲ್ಪಿಯೂ ಪಟ್ಟಿಯಿಂದ ಜಾರಿಹೋಗುತ್ತಾರೆ. ಮುಂದೆ ಬರುವ ಸಂಶೋಧಕನು ಹುಡುಕಿ, ಏನೂ ಸಿಕ್ಕದೆ, ‘ಸ್ತ್ರೀಯರು ಕಲ್ಲು ನಿಲ್ಲಿಸಿದುದಕ್ಕೆ ಆಧಾರಗಳು ವಿರಳ’ ಎಂದು ಬರೆಯುವ ಅಪಾಯವಿದೆ. ಪಟ್ಟಿಯ ಮೌನವು ಚರಿತ್ರೆಯ ಮೌನವೆಂದು ತಪ್ಪಾಗಿ ತಿಳಿಯಲ್ಪಡುತ್ತದೆ. ಹಿಂದೆ ಸಂಪುಟದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದ ಓದುಗನ ಕಣ್ಣಿಗೆ ಅಕಸ್ಮಾತ್ತಾಗಿಯಾದರೂ ಆ ಹೆಸರು ಬೀಳುತ್ತಿದ್ದಿತು. ಹುಡುಕುಪಟ್ಟಿಯನ್ನೇ ನಂಬಿದವನಿಗೆ ಆ ಅವಕಾಶವೂ ಇಲ್ಲ.

7

ಈ ವಿಚಾರಗಳು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಂಬಂಧಿಸಿದುವಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಗಳಿಂದ ಮೊದಲ್ಗೊಂಡು ಸಂಶೋಧನ ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಒಪ್ಪಿಸುವುದು ಕಡ್ಡಾಯವಾಯಿತು; ಅವು ‘ಶೋಧಗಂಗಾ’ ಸಂಗ್ರಹವನ್ನು ಸೇರುತ್ತವೆ. ಹಲವು ವರ್ಷಗಳ ಶ್ರಮದ ಫಲವಾದ ಪ್ರಬಂಧವು ಅನ್ಯರಿಗೆ ಸಿಕ್ಕುವುದೂ ಸಿಕ್ಕದಿರುವುದೂ, ಅದರ ಶೀರ್ಷಿಕೆ, ವಿಷಯಸೂಚಕ ಪದಗಳು, ಸಾರಾಂಶ ಇವನ್ನು ಎಷ್ಟು ಎಚ್ಚರದಿಂದ ಬರೆದಿದೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಅಧ್ಯಯನದ ಊರು, ಕಾಲ, ಆಕರಗಳ ಸ್ವರೂಪ ಇವು ವಿಷಯಸೂಚಕ ಪದಗಳಲ್ಲಿ ಬಂದಿರಬೇಕು.

ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ದಾಖಲೆಯ ಚಿತ್ರವನ್ನು ತೆಗೆದ ದಿನವೇ ಐದು ಪಂಕ್ತಿಗಳನ್ನು ಬರೆದಿಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು: ವಸ್ತು ಯಾವುದು, ಎಲ್ಲಿದೆ, ಯಾರ ವಶದಲ್ಲಿದೆ, ಯಾರು ಎಂದು ಪ್ರತಿ ತೆಗೆದರು, ಪ್ರಕಟಿಸಲು ಅನುಮತಿ ಉಂಟೆ. ಕ್ಯಾಮೆರಾವು ದಿನ, ವೇಳೆ, ಕೆಲವೊಮ್ಮೆ ಸ್ಥಳವನ್ನೂ ಚಿತ್ರದೊಳಗೆ ತಾನಾಗಿಯೇ ದಾಖಲಿಸುವುದು ನಿಜ. ಆದರೆ ಅದರ ಗಡಿಯಾರ ತಪ್ಪಾಗಿದ್ದರೆ ದಾಖಲೆಯೂ ತಪ್ಪಾಗುವುದು. ಮೇಲಾಗಿ ಮೊಬೈಲಿನ ಸಂದೇಶಗಳ ಮೂಲಕ ಚಿತ್ರವನ್ನು ಕಳುಹಿಸಿದಾಗ ಈ ವಿವರಗಳು ಅನೇಕವೇಳೆ ಅಳಿಸಿಹೋಗುತ್ತವೆ. ಹಕ್ಕಿನ ವಿಷಯದಲ್ಲಿಯೂ ಸ್ಪಷ್ಟತೆ ಬೇಕು. ಭಾರತದಲ್ಲಿ ಗ್ರಂಥದ ಕೃತಿಸ್ವಾಮ್ಯವು ಸಾಮಾನ್ಯವಾಗಿ ಕರ್ತೃವಿನ ಜೀವಿತಕಾಲ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಕಾಲವನ್ನು ನಮೂದಿಸಿದ್ದರೆ ಇದನ್ನು ನಿರ್ಣಯಿಸುವುದು ಸುಲಭ. ಇಲ್ಲದಿದ್ದರೆ ಭಯದಿಂದ ಎಲ್ಲವನ್ನೂ ಮುಚ್ಚಿಡುವ ಪ್ರವೃತ್ತಿ ಬೆಳೆಯುತ್ತದೆ.

ಅಧ್ಯಾಪಕರು ಪದವಿ ತರಗತಿಗಳಲ್ಲಿಯೇ ಇದಕ್ಕೆ ತಳಹದಿಯನ್ನು ಹಾಕಬಹುದು. ಊರಿನ ಒಂದು ಶಾಸನವನ್ನೋ, ಸಹಕಾರ ಸಂಘದ ಒಂದು ಹಳೆಯ ನಡವಳಿ ಪುಸ್ತಕವನ್ನೋ ಕೊಟ್ಟು, ಹದಿನೈದು ಅಂಶಗಳಲ್ಲಿ ವಿವರಿಸಲು ಹೇಳಿದರೆ, ವಿದ್ಯಾರ್ಥಿಯು ಆಕರವಿಮರ್ಶೆಯ ಮೊದಲ ಪಾಠವನ್ನು ಕಲಿತಂತಾಗುವುದು. ಕರ್ತೃ ಯಾರೆಂದು ಬರೆಯಬೇಕಾದರೆ ಯೋಚಿಸಲೇಬೇಕು. ಕಾಲ ಯಾವುದೆಂದು ಬರೆಯಬೇಕಾದರೆ ಆಧಾರವನ್ನು ಕೇಳಲೇಬೇಕು.

ಕಲ್ಲು ಸವೆಯುತ್ತದೆ, ಓಲೆಯನ್ನು ಹುಳು ತಿನ್ನುತ್ತದೆ. ಹಾಗಾಗುವ ಮೊದಲು ಪ್ರತಿ ತೆಗೆಯುವುದು ಅವಶ್ಯಕವೇ. ಆದರೆ ಆ ಕಲ್ಲು ಯಾವ ತೋಪಿನಲ್ಲಿ ನಿಂತಿದ್ದಿತು, ಆ ಓಲೆಕಟ್ಟು ಯಾರ ಮನೆಯದು ಎಂಬುದನ್ನು ಬಲ್ಲ ಹಿರಿಯರೂ ಕಾಲವಶರಾಗುತ್ತಾರೆ. ಚಿತ್ರವನ್ನು ನಾಳೆಯೂ ತೆಗೆಯಬಹುದು. ಅವರ ತಿಳಿವಳಿಕೆಯನ್ನು ಇಂದೇ ಬರೆದುಕೊಳ್ಳಬೇಕು.